ಲೈನಿನ ಮೇಲೆ ಮರ

2 ಜುಲೈ 2024, ಮಂಗಳವಾರ
ಆಲ್ದೂರು ಸಮೀಪ, ಚಿಕ್ಕಮಗಳೂರು

ಬೆಳಿಗ್ಗೆ ಆರಕ್ಕೇ ಮೇಸ್ತ್ರಿಯ ಫೋನು. ‘ರೈಟರೇ, ಲೈನಿನ ಮೇಲೆ ಸಿಲ್ವರ್ ಮರ ಬಿದ್ದಿದೆ, ಬೇಗ ಬನ್ನಿ.’ ಅಷ್ಟರಲ್ಲಿ ಕರೆ ಕಡಿಯಿತು. ಕಾಫಿ ತೋಟದಲ್ಲಿ ಲೈನ್ ಎಂದರೆ ಕೂಲಿಯವರ ಸಾಲುಮನೆ. ನಮ್ಮಲ್ಲಿ ಎಂಟು ಸಂಸಾರಗಳಿವೆ, ಮಕ್ಕಳುಮರಿ ಸಮೇತ. ಕೈಯಲ್ಲಿದ್ದ ಕೊಡೆಯನ್ನು ಬಿಚ್ಚುವುದನ್ನೂ ಮರೆತು ಮಳೆಯಲ್ಲಿ ಓಡಿದೆ. ಹೋಗಿ ನೋಡಿದರೆ ಹೆಂಚಿನ ಮಾಡು ನೆಟ್ಟಗಿದೆ, ಒಲೆಯ ಹೊಗೆ ಏಳುತ್ತಿದೆ, ಜಗಲಿಯಲ್ಲಿ ಒಬ್ಬ ಹುಡುಗ ಕುಳಿತು ನಿಧಾನವಾಗಿ ಹಲ್ಲುಜ್ಜುತ್ತಿದ್ದಾನೆ. ಮರ ಬಿದ್ದಿದ್ದು ಪಂಪ್‌ಹೌಸಿನ ಹತ್ತಿರದ ಕರೆಂಟ್ ತಂತಿಯ ಮೇಲೆ. ಮೇಸ್ತ್ರಿಗೆ ಅದೂ ಲೈನೇ!

ಲೈನ್‌ಮನ್ ಬಂದಾಗ ಹನ್ನೊಂದು ಗಂಟೆ. ‘ಲೈನ್ ಕ್ಲಿಯರ್ ಸಿಗಲಿ ಸಾರ್’ ಎಂದು ಕಂಬದ ಬುಡದಲ್ಲೇ ನಿಂತರು. ಸಬ್‌ಸ್ಟೇಷನ್ನಿನವರು ವಿದ್ಯುತ್ ನಿಲ್ಲಿಸಿ ಒಪ್ಪಿಗೆ ಕೊಡುವ ತನಕ ತಂತಿ ಮುಟ್ಟುವಂತಿಲ್ಲ, ಜೀವದ ಪ್ರಶ್ನೆ. ಒಪ್ಪಿಗೆ ಕೇಳಲು ಫೋನ್ ಮಾಡಿದರೆ ಲೈನ್ ಸಿಗಲಿಲ್ಲ. ರೈಲಿನವರದೂ ಇದೇ ಮಾತು: ಮುಂದಿನ ನಿಲ್ದಾಣ ಲೈನ್ ಕ್ಲಿಯರ್ ಕೊಟ್ಟರೆ ಮಾತ್ರ ಗಾಡಿ ಹೊರಡುತ್ತದೆ. ಕಡೂರಿನಿಂದ ಚಿಕ್ಕಮಗಳೂರಿಗೆ ಆ ಲೈನ್ ಬಂದಿದ್ದು 2013ರಲ್ಲಿ.

ಕರೆಂಟಿಲ್ಲದ ಮಧ್ಯಾಹ್ನ ಮಗಳ ಹಳೆಯ ಇಂಗ್ಲಿಷ್ ನಿಘಂಟು ತೆಗೆದು ಕುಳಿತೆ. (ರೈಟರ್ ಎಂಬ ಹೆಸರಿದ್ದರೂ ನಾನು ಬರೆಯುವುದು ಆಳುಗಳ ಚೆಕ್‌ರೋಲ್, ಅಂದರೆ ಹಾಜರಿ ಪುಸ್ತಕ ಮಾತ್ರ.) ಗೆರೆ, ಹಗ್ಗ, ಸರದಿ, ಪದ್ಯದ ಸಾಲು, ವಂಶ, ಮುಖದ ಸುಕ್ಕು, ಮೀನಿನ ಗಾಳದ ದಾರ. ಹುಡುಗಿಯರ ಹಿಂದೆ ಸುತ್ತುವ ‘ಲೈನ್ ಹೊಡೆಯುವುದು’ ಮಾತ್ರ ಅಲ್ಲಿಲ್ಲ. ಅದು ನಮ್ಮವರ ಸ್ವಯಾರ್ಜಿತ. ಇಷ್ಟಕ್ಕೂ ಮೂಲ ಲ್ಯಾಟಿನ್ನಿನ ಲೀನಮ್, ಅಂದರೆ ಅಗಸೆ. ಅಗಸೆ ನಾರಿನ ದಾರವನ್ನು ಬಿಗಿಯಾಗಿ ಎಳೆದು ಹಿಡಿದರೆ ನೇರ ಗೆರೆ. ಲಿನನ್ ಬಟ್ಟೆಯೂ ಅದೇ ಬಳ್ಳಿಯ ಕಾಯಿ, ದರ್ಜಿ ರವಿಕೆಯ ಒಳಗೆ ಕೊಡುವ ಲೈನಿಂಗೂ.

ಹೆಂಡತಿ ಹಾವೇರಿ ಕಡೆಯವಳು. ಊಟಕ್ಕೆ ಅಗಸೆ ಚಟ್ನಿಪುಡಿ ಬಡಿಸುವಾಗ ಇದನ್ನೆಲ್ಲ ಹೇಳಿದೆ. ‘ಹಾಗಾದರೆ ಲೈನಿಗೆ ಇನ್ನೊಂದು ಚಮಚ ಎಣ್ಣೆ ಹಾಕಲೇ?’ ಎಂದಳು.

ಸಂಜೆ ‘ಲೈನ್ ಕೆಲಸ, 3 ಆಳು’ ಎಂದು ಬರೆದು ಹೊಡೆದುಹಾಕಿದೆ. ಸಾಲುಮನೆಯ ಹೆಂಚು ಬದಲಿಸಲು ಹೋದ ವಾರವಷ್ಟೇ ಸಾಹುಕಾರರಲ್ಲಿ ದುಡ್ಡು ಕೇಳಿದ್ದೇನೆ; ಇದನ್ನು ಓದಿದರೆ ಆ ಕೆಲಸ ಆಯಿತೆಂದೇ ತಿಳಿದಾರು. ‘ಕರೆಂಟ್ ತಂತಿಯ ಮೇಲಿನ ಮರ ಕಡಿದದ್ದು’ ಎಂದು ತಿದ್ದಿದೆ.