ದೂರು ತಿರುಗಿ ಪೊಲೀಸರ ಮೇಜಿಗೇ ಬಂತು

ನಾನು ಇಂಗ್ಲೆಂಡಿಗೆ ಬಂದು ಒಂಬತ್ತು ವರ್ಷ. ಸೋಮವಾರಪೇಟೆಯಿಂದ ಚಿಕ್ಕಪ್ಪ ಪ್ರತಿ ಭಾನುವಾರ ಫೋನ್ ಮಾಡುತ್ತಾರೆ. ಮಳೆ, ಆನೆ, ಕಾಫಿ ರೇಟು. ಇವು ಮುಗಿದ ಮೇಲೆ ಮಿಕ್ಕ ಮಾತು. ಚಳಿಗಾಲದಲ್ಲಿ ಒಮ್ಮೆ ನಾನೇ ಮೊದಲು ಶುರು ಮಾಡಿದೆ.

ನೈಟ್ ಶಿಫ್ಟ್ ಮುಗಿಸಿ ಬರುವಾಗ ಪೊಲೀಸರು ಕಾರು ನಿಲ್ಲಿಸಿದ್ದರು. ನಿಲ್ಲಿಸಿದ್ದು ತಪ್ಪಲ್ಲ. ಆದರೆ ಲೈಸೆನ್ಸ್ ತೆಗೆಯೋಣ ಎಂದು ಜೇಬಿಗೆ ಕೈ ಹಾಕಿದ ಕೂಡಲೇ ಒಬ್ಬ ನನ್ನ ಮಣಿಕಟ್ಟು ತಿರುಚಿ ಬಾನೆಟ್ಟಿನ ಮೇಲೆ ಒತ್ತಿ ಹಿಡಿದ. ಬಾನೆಟ್ ಇನ್ನೂ ಬಿಸಿಯಿತ್ತು. ಹತ್ತು ನಿಮಿಷವಾದ ಮೇಲೆ ಹೋಗಿ ಎಂದರು. ಯಾಕೆ ಹಿಡಿದಿರಿ ಎಂದರೆ ಉತ್ತರವಿಲ್ಲ.

"ಅಲ್ಲಿ ಪೊಲೀಸರ ಮೇಲೆ ದೂರು ಕೊಡೋಕೇ ಬೇರೆ ಆಫೀಸ್ ಇದೆಯಲ್ಲ ಮಗಾ, ಬರೆದು ಹಾಕು" ಎಂದರು ಚಿಕ್ಕಪ್ಪ.

ಇದೆ. ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಸೇರಿ ಇಂಡಿಪೆಂಡೆಂಟ್ ಆಫೀಸ್ ಫಾರ್ ಪೊಲೀಸ್ ಕಂಡಕ್ಟ್. 2004ರಿಂದ ಬೇರೆ ಹೆಸರಲ್ಲಿತ್ತು, 2018ರಲ್ಲಿ ಈ ಹೆಸರು ಬಂತು. ಹಿಂದೆ ಪೊಲೀಸ್ ಕೆಲಸ ಮಾಡಿದವರು ಇದರ ಮುಖ್ಯಸ್ಥರಾಗುವ ಹಾಗಿಲ್ಲ. ಇದನ್ನು ಓದಿ ನನಗೆ ಧೈರ್ಯ ಬಂದಿತ್ತು.

ಆ ಆಫೀಸಿಗೆ ದೂರು ಬರೆದೆ. ಉತ್ತರ ಬಂದದ್ದು ಅದೇ ಪೊಲೀಸ್ ಪಡೆಯ ಒಳಗಿನ ವಿಭಾಗದಿಂದ! ಯಾರೋ ಗುಮಾಸ್ತರು ತಪ್ಪು ಮಾಡಿರಬೇಕು ಎಂದುಕೊಂಡೆ. ಅಲ್ಲ, ಕಾನೂನೇ ಹಾಗಿದೆ. ಹೆಚ್ಚಿನ ದೂರುಗಳನ್ನು ಆಯಾ ಪಡೆಯೇ ನೋಡಿಕೊಳ್ಳುತ್ತದೆ. ಸಾವು, ದೊಡ್ಡ ಗಾಯದಂಥ ಭಾರಿ ಪ್ರಕರಣಗಳನ್ನು ಸ್ವತಂತ್ರ ಸಂಸ್ಥೆಗೆ ಕಳಿಸಲೇಬೇಕು, ಅದರಲ್ಲೂ ಅದು ತಾನೇ ತನಿಖೆ ಮಾಡುವುದು ಕೆಲವನ್ನು ಮಾತ್ರ. ಮಾಡಿದರೂ ಶಿಕ್ಷೆ ಅದರ ಕೈಯಲ್ಲಿಲ್ಲ. ಕೇಸು ಹಾಕಬೇಕೋ ಬೇಡವೋ ಎನ್ನುವುದು ಸರ್ಕಾರಿ ವಕೀಲರ ಇಲಾಖೆಗೆ ಬಿಟ್ಟದ್ದು. ಕೆಲಸದಿಂದ ತೆಗೆಯುವುದು ಶಿಸ್ತು ಸಮಿತಿ. 2024ರ ಮೇ ತಿಂಗಳಿಂದ ಆ ಸಮಿತಿಯ ಅಧ್ಯಕ್ಷತೆ ಮತ್ತೆ ಪೊಲೀಸ್ ಮುಖ್ಯಸ್ಥರ ಕಡೆಗೇ ಹೋಗಿದೆ. ನನಗೆ ಇದು ಒಂಚೂರೂ ಸರಿ ಕಾಣುವುದಿಲ್ಲ. ತನ್ನ ಮನೆಯ ಜಗಳಕ್ಕೆ ತಾನೇ ಪಂಚಾಯ್ತಿ ಮಾಡಿದ ಹಾಗಲ್ವಾ?

ಎರಡು ತಿಂಗಳ ಮೇಲೆ ತೀರ್ಮಾನ ಬಂತು: ಸೇವೆ ಸಮರ್ಪಕವಾಗಿತ್ತು. ಮಣಿಕಟ್ಟಿನ ಮಾತು ಅರ್ಧ ಸಾಲು.

ಇದನ್ನು ಓದಿ ಹೇಳಿದಾಗ ಚಿಕ್ಕಪ್ಪ ತುಂಬಾ ಹೊತ್ತು ಸುಮ್ಮನಿದ್ದರು. ಅವರಿಗೆ ನೆನಪಾಗಿದ್ದು ತೋಟದ ಕೂಲಿಯವರ ಲೈನ್‌ಮನೆಯ ಹುಡುಗ ಎಂದು ನನಗೆ ಗೊತ್ತಾಯಿತು. ಒಂದು ಜನವರಿಯಲ್ಲಿ ನಮ್ಮ ಕಣದಿಂದ ನಾಲ್ಕು ಮೂಟೆ ಕಾಫಿ ಕಳುವಾಯಿತು. ದೂರು ಕೊಟ್ಟದ್ದು ಚಿಕ್ಕಪ್ಪನೇ. ಪೊಲೀಸರು ಅವನನ್ನು ಕರೆದುಕೊಂಡು ಹೋದರು. ಮಾರನೇ ದಿನ ಬಂದಾಗ ಅವನಿಗೆ ಪಾದ ಊರಲು ಆಗುತ್ತಿರಲಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು ಕಣದ ಅಂಚಿನಲ್ಲಿ ಕೂತಿದ್ದ. ಕದ್ದವರು ಬೇರೆ ಯಾರೋ.

ನಾನು ಊರಿನ ಕಾನೂನನ್ನೂ ಓದಿ ಹೇಳಿದೆ. ಪೊಲೀಸ್ ಸುಧಾರಣೆ ಕೇಳಿದ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರ ಸೆಪ್ಟೆಂಬರ್‌ನಲ್ಲಿ ರಾಜ್ಯಕ್ಕೊಂದು, ಜಿಲ್ಲೆಗೊಂದು ಪೊಲೀಸ್ ದೂರು ಪ್ರಾಧಿಕಾರ ಬೇಕು ಎಂದಿತು. ಜಿಲ್ಲೆಯದಕ್ಕೆ ನಿವೃತ್ತ ಜಿಲ್ಲಾ ನ್ಯಾಯಾಧೀಶರು ಮುಖ್ಯಸ್ಥರಾಗಬೇಕು. ಡಿವೈಎಸ್‌ಪಿವರೆಗಿನವರ ಮೇಲಿನ ದೂರು ಅಲ್ಲಿಗೆ ಹೋಗಬೇಕು. ಅದರ ಶಿಫಾರಸನ್ನು ಇಲಾಖೆ ಪಾಲಿಸಲೇಬೇಕು ಎಂದೂ ಕೋರ್ಟು ಹೇಳಿತು. ಬರೆದ ಮಾತು ನೋಡಿದರೆ ಇಂಗ್ಲೆಂಡಿಗಿಂತ ನಮ್ಮದೇ ಗಟ್ಟಿ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವಂತೂ 1993ರಿಂದ ಇದೆ. ಆದರೆ ಅದು ಶಿಫಾರಸು ಮಾತ್ರ ಮಾಡಬಹುದು, ಘಟನೆ ನಡೆದು ಒಂದು ವರ್ಷ ದಾಟಿದ್ದನ್ನು ವಿಚಾರಿಸುವ ಹಾಗಿಲ್ಲ. ಸೋಮವಾರಪೇಟೆಯಲ್ಲಿ ಐವತ್ತು ವರ್ಷ ತೋಟ ಮಾಡಿದ ಮನುಷ್ಯನಿಗೆ ಇವೆರಡರ ಹೆಸರನ್ನೂ ಯಾರೂ ಹೇಳಿರಲಿಲ್ಲ. ಹುಡುಗನಿಗೆ ಹೇಳುವವರು ಯಾರು?

"ಒಂದು ವರ್ಷದ ಒಳಗೆ ಅಂದೆಯಲ್ಲ. ಅವನದು ಹನ್ನೊಂದಾಯ್ತು ಮಗಾ."

ನನಗೆ ಮರುಪರಿಶೀಲನೆ ಕೇಳಲು 28 ದಿನ ಕೊಟ್ಟಿದ್ದಾರೆ. ಒಂಬತ್ತು ಉಳಿದಿವೆ. ಅರ್ಜಿ ಮೇಜಿನ ಮೇಲಿದೆ, ಇವತ್ತು ರಾತ್ರಿ ಬರೆದು ಮುಗಿಸುತ್ತೇನೆ.