ಹನ್ನೆರಡು ಕಲ್ಲು, ಇಬ್ಬರು ಅರುವರು: ವಿರಾಜಪೇಟೆಯ ಒಂದು ಮದುವೆ

ಮಡಿಕೇರಿಯಿಂದ ವಿರಾಜಪೇಟೆಗೆ ಇಳಿಯುವ ದಾರಿಯ ಎರಡೂ ಬದಿಯಲ್ಲಿ ಕಾಫಿ ತೋಟಗಳು, ತೋಟದ ಮರಗಳಿಗೆ ಹಬ್ಬಿದ ಕರಿಮೆಣಸಿನ ಬಳ್ಳಿಗಳು. ಕೊಡವ ಮಿತ್ರರೊಬ್ಬರ ಮನೆಯ ಮದುವೆಗೆ ಹೊರಟಿದ್ದ ನಾನು, ಸಮಯವಿದ್ದುದರಿಂದ ಮೊದಲು ಪಟ್ಟಣದ ಸಂತ ಅನ್ನಮ್ಮ ಚರ್ಚಿಗೆ ಹೋದೆ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ ಆಶ್ರಯ ಕೊಟ್ಟ ಕಾಲದ್ದು, ಎಂದರೆ 1792ರದ್ದು, ಈ ಚರ್ಚಿನ ಮೂಲ.

ಮದುವೆಯನ್ನು ಕುರಿತು ಯೋಚಿಸುವವನಿಗೆ ಈ ಚರ್ಚು ಒಳ್ಳೆಯ ಪೀಠಿಕೆ. ಕ್ಯಾಥೊಲಿಕ್ ಧರ್ಮಶಾಸನದ ಪ್ರಕಾರ ವಧೂವರರ ಪರಸ್ಪರ ಒಪ್ಪಿಗೆಯಿಂದಲೇ ಮದುವೆ ಆಗುತ್ತದೆ; ಆದರೂ ಮದುವೆಯ ಅನಂತರ ಸಮಾಗಮವೇ ನಡೆಯದಿದ್ದರೆ ಅದನ್ನು ಬಿಡಿಸುವ ಅಧಿಕಾರ ಇಂದಿಗೂ ಪೋಪರಿಗಿದೆ. ಹೀಗಾಗಿ ಮಧ್ಯಯುಗದ ಯೂರೋಪಿನಲ್ಲಿ ಶಯನಗೃಹವೇ ಸಾಕ್ಷ್ಯದ ಸ್ಥಳವಾಗಿತ್ತು. ಬಂಧುಗಳು ವಧೂವರರನ್ನು ಹಾಸಿಗೆಯವರೆಗೆ ಕರೆದೊಯ್ಯುತ್ತಿದ್ದರು, ಪಾದ್ರಿ ಹಾಸಿಗೆಯನ್ನು ಆಶೀರ್ವದಿಸುತ್ತಿದ್ದ. 1490ರಲ್ಲಿ ಹ್ಯಾಬ್ಸ್‌ಬರ್ಗ್ ಮನೆತನದ ಮ್ಯಾಕ್ಸಿಮಿಲಿಯನ್, ಇಂದು ಫ್ರಾನ್ಸಿಗೆ ಸೇರಿದ ಬ್ರಿಟನಿಯ ಆ್ಯನ್‌ಳನ್ನು ಪ್ರತಿನಿಧಿಯ ಮೂಲಕ ವರಿಸಿದಾಗ, ಆ ಪ್ರತಿನಿಧಿ ಎಲ್ಲರ ಎದುರಿಗೆ ಒಂದು ಕಾಲನ್ನು ಬರಿದಾಗಿಸಿ ವಧುವಿನ ಹಾಸಿಗೆಯೊಳಗೆ ಇಟ್ಟು ವಿಧಿಯನ್ನು ಪೂರೈಸಿದನು. ಇಂಗ್ಲೆಂಡಿನ ಎಂಟನೆಯ ಹೆನ್ರಿಯ ಪ್ರಕರಣ ಇನ್ನೂ ವಿಚಿತ್ರ. ತೀರಿಕೊಂಡ ಅಣ್ಣನ ಹೆಂಡತಿ ಕ್ಯಾಥರೀನಳನ್ನು ವರಿಸಿದ್ದ ಅವನು, ಮುಂದೆ ಆ ಮದುವೆಯನ್ನು ರದ್ದುಪಡಿಸಿಕೊಳ್ಳಲು ಹೊರಟ. ಅವನ ಅಣ್ಣ ಆರ್ಥರ್ ಮತ್ತು ಕ್ಯಾಥರೀನಳ ನಡುವೆ 1501ರ ಆ ರಾತ್ರಿ ಏನು ನಡೆಯಿತೆಂಬುದನ್ನು 1529ರಲ್ಲಿ ನ್ಯಾಯಮಂಡಳಿಯ ಮುಂದೆ ಸಾಕ್ಷಿಗಳಿಂದ ಕೆದಕಿ ಕೇಳಲಾಯಿತು. ಇಪ್ಪತ್ತೆಂಟು ವರ್ಷ ಹಳೆಯ ರಾತ್ರಿಯೊಂದರ ಮೇಲೆ ಒಂದು ದೇಶದ ರಾಜಕಾರಣ ನಿಂತಿತ್ತು!

ಮದುವೆಯ ಮಂಟಪದಲ್ಲಿ ವಾಲಗ ಆಗಲೇ ಏರುಗತಿಗೆ ಬಂದಿತ್ತು. ಇಲ್ಲಿ ಪುರೋಹಿತರಿಲ್ಲ, ಹೋಮವಿಲ್ಲ, ಸಪ್ತಪದಿಯೂ ಇಲ್ಲ. ಉದ್ದನೆಯ ನಿಲುವಂಗಿಯಾದ ಕುಪ್ಯ ತೊಟ್ಟು, ಸೊಂಟಕ್ಕೆ ಪೀಚೆಕತ್ತಿ ಸಿಕ್ಕಿಸಿಕೊಂಡ ವರನೂ, ಕೆಂಪು ಸೀರೆಯ ವಧುವೂ ಮುಕ್ಕಾಲಿಯ ಮೇಲೆ ಕುಳಿತಿದ್ದರು. ಹಿರಿಯರು ಒಬ್ಬೊಬ್ಬರಾಗಿ ಬಂದು ದೀಪಕ್ಕೆ ಕೈಮುಗಿದು, ಮೊಣಕಾಲು, ಭುಜ, ತಲೆಗಳ ಮೇಲೆ ಅಕ್ಕಿ ಹಾಕಿ, ಕಿಂಡಿ ಎಂಬ ಮೂತಿಯುಳ್ಳ ಪಾತ್ರೆಯಿಂದ ಒಂದು ಗುಟುಕು ಹಾಲು ಕುಡಿಸಿ, ಕೈಗೆ ನಾಣ್ಯವಿಟ್ಟು ಸರಿಯುತ್ತಿದ್ದರು. ಸರದಿ ಬಂದಾಗ ನಾನೂ ಹಾಗೆಯೇ ಮಾಡಿದೆ.

ನನ್ನ ಪಕ್ಕದಲ್ಲಿ ಮಿತ್ರರ ಸೋದರಮಾವ, ನಿವೃತ್ತ ವಕೀಲರು, ಕುಳಿತಿದ್ದರು. "ಇದು ಆಶೀರ್ವಾದ. ಕಾನೂನು ಇನ್ನು ಮುಂದೆ ಬರುತ್ತದೆ, ನೋಡಿ," ಎಂದರು. ಅವರು ಹೇಳಿದ್ದು 'ಸಂಬಂಧ ಕೊಡುವ' ವಿಧಿಯನ್ನು. ಎರಡೂ ಒಕ್ಕಗಳ, ಎಂದರೆ ಮನೆತನಗಳ, ಪರವಾಗಿ ಮಾತಾಡುವ ಒಬ್ಬೊಬ್ಬ ಅರುವ ಎದುರುಬದುರಾಗಿ ನಿಲ್ಲುತ್ತಾರೆ. ವರನ ಮನೆಯಲ್ಲಿ, ಗದ್ದೆಯಲ್ಲಿ, ದನಕರುಗಳಲ್ಲಿ ನಮ್ಮ ಹುಡುಗಿಗೆ ಹಕ್ಕು ಕೊಡುತ್ತೀರಾ ಎಂದು ಒಬ್ಬರು ಕೇಳಿದರೆ, ಕೊಡುತ್ತೇವೆಂದು ಇನ್ನೊಬ್ಬರು ಸಭೆಗೆ ಕೇಳುವಂತೆ ಉತ್ತರಿಸುತ್ತಾರೆ. ಆಮೇಲೆ ಬರುವುದು ಸಣ್ಣ ಕಲ್ಲುಗಳ ಲೆಕ್ಕ. ವಕೀಲರು ವಿವರಿಸಿದ ಪ್ರಕಾರ ಹನ್ನೆರಡರಲ್ಲಿ ಹನ್ನೊಂದು ಕೈದಾಟುತ್ತವೆ, ಒಂದು ತವರಿನ ಪಾಲಿಗೆ ಉಳಿಯುತ್ತದೆ. ಗಂಡನ ಮನೆಯಲ್ಲಿ ಅನ್ಯಾಯವಾದರೆ ತವರಿನ ಬಾಗಿಲು ಮುಚ್ಚಿಲ್ಲವೆಂಬುದಕ್ಕೆ ಆ ಒಂದು ಕಲ್ಲೇ ಆಧಾರ. ಮದುವೆಯ ತಿರುಳನ್ನು ಹಕ್ಕುಬಾಧ್ಯತೆಗಳ ಭಾಷೆಯಲ್ಲಿ, ಸಾಕ್ಷಿಗಳ ಮುಂದೆ, ಬಾಯಿಬಿಟ್ಟು ಹೇಳುವ ಇಂಥ ವಿಧಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

1955ರ ಹಿಂದೂ ವಿವಾಹ ಕಾಯಿದೆಯ ಏಳನೆಯ ಕಲಮು ಇದನ್ನು ಮಾನ್ಯ ಮಾಡುತ್ತದೆ: ವಧು ಅಥವಾ ವರನ ಕಡೆಯ ರೂಢಿಯ ವಿಧಿಗಳಂತೆ ನಡೆದರೆ ಮದುವೆ ಸಿಂಧು, ಸಪ್ತಪದಿಯು ಆ ವಿಧಿಗಳಲ್ಲಿ ಸೇರಿದ್ದರೆ ಮಾತ್ರ ಏಳನೆಯ ಹೆಜ್ಜೆಗೆ ಮದುವೆ ಪೂರ್ಣವಾಗುತ್ತದೆ. ಶೋಭನದ ಮಾತು ಆ ಕಲಮಿನಲ್ಲಿಲ್ಲ. ನಪುಂಸಕತ್ವದ ಕಾರಣದಿಂದ ಸಮಾಗಮ ನಡೆಯದಿದ್ದರೆ ಹನ್ನೆರಡನೆಯ ಕಲಮಿನಡಿ ಮದುವೆಯನ್ನು ರದ್ದುಪಡಿಸಿಕೊಳ್ಳಬಹುದು. ಆದರೆ ನ್ಯಾಯಾಲಯ ರದ್ದು ಮಾಡುವವರೆಗೆ ಅದು ಮದುವೆಯೇ. ಆ ರಾತ್ರಿಗೆ ಕಾನೂನು ಕಾಲಿಟ್ಟದ್ದು ಬೇರೆ ಕಾರಣಕ್ಕೆ. ಬಂಗಾಳದ ಹನ್ನೊಂದರ ಆಸುಪಾಸಿನ ಬಾಲೆ ಫೂಲಮಣಿ ಗಂಡನ ಬಲಾತ್ಕಾರದಿಂದ ಸತ್ತ ಮೇಲೆ, 1891ರಲ್ಲಿ ಸಮ್ಮತಿಯ ವಯಸ್ಸನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸಲಾಯಿತು. ಗರ್ಭಾಧಾನ ಸಂಸ್ಕಾರಕ್ಕೆ ಧಕ್ಕೆಯೆಂದು ತಿಲಕರಂಥವರೂ ಅದನ್ನು ವಿರೋಧಿಸಿದರೆಂಬುದನ್ನು ಓದುವಾಗ ಇಂದಿಗೂ ಮನಸ್ಸು ಕಹಿಯಾಗುತ್ತದೆ. ಹೆಂಡತಿ ಹದಿನೆಂಟರೊಳಗಿನವಳಾದರೆ ಗಂಡನ ಕೃತ್ಯವೂ ಅತ್ಯಾಚಾರವೇ ಎಂದು ಸುಪ್ರೀಂ ಕೋರ್ಟು ಹೇಳಲು 2017 ಬರಬೇಕಾಯಿತು.

ಸಂಜೆ ವರನ ಮನೆಯಲ್ಲಿ ನೀರೆಡ್ಪ, ಎಂದರೆ ನೀರು ತರುವ ವಿಧಿ. ಬಾವಿಯಿಂದ ಬಿಂದಿಗೆ ಹೊತ್ತು ಬರುವ ಮದುಮಗಳ ದಾರಿಗೆ ಅಡ್ಡವಾಗಿ ವರನ ನೆಂಟರು ವಾಲಗಕ್ಕೆ ಕುಣಿಯುತ್ತಾರೆ. ಅವಳು ಬಿಂದಿಗೆ ಇಳಿಸದೆ, ಹೆಜ್ಜೆ ಕದಲಿಸದೆ ಕಾಯಬೇಕು. ಕುಣಿತ ನಿಲ್ಲುವ ಲಕ್ಷಣವೇ ಕಾಣಲಿಲ್ಲ. ಕೊನೆಗೆ ಅವಳು ನೀರು ತಂದಿಟ್ಟು ಆ ಮನೆಯವಳಾದಳು. ಅನಂತರದ ಕೋಣೆಯ ಬಾಗಿಲಿಗೆ ಅರುವನೂ ಬೇಕಿಲ್ಲ, ಸಾಕ್ಷಿಯೂ ಬೇಕಿಲ್ಲ.

ವಿಡಿಯೋದ ಹುಡುಗ ಈ ಕುಣಿತದ ಒಂದು ಕ್ಷಣವನ್ನೂ ಬಿಡಲಿಲ್ಲ. ಆದರೆ ಸಂಬಂಧ ಕೊಡುವಾಗ ಅವನು ಊಟದ ಮೇಜಿನ ಬಳಿ ಪಂದಿಕರಿ ಬಡಿಸಿಕೊಳ್ಳುತ್ತಿದ್ದ. ವಿಧಿಗಳು ನಡೆಯದಿದ್ದರೆ ಬರಿಯ ನೋಂದಣಿ ಪತ್ರದಿಂದ ಹಿಂದೂ ಮದುವೆ ಆಗುವುದಿಲ್ಲವೆಂದು 2024ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದನ್ನು ನೆನಪಿಸಿ, ಇದಕ್ಕೇನು ಮಾಡುತ್ತೀರೆಂದು ವಕೀಲರನ್ನು ಕೇಳಿದೆ. ಅವರು ಜೇಬಿನಿಂದ ಸಣ್ಣ ಡೈರಿ ತೆಗೆದು, "ಕಲ್ಲು ಎಣಿಸುವಾಗ ನೀವು ಮುಂದೆಯೇ ಕುಳಿತಿದ್ದಿರಲ್ಲ, ಹೆಸರು ವಿಳಾಸ ಬರೆದುಕೊಡಿ," ಎಂದರು.