ದಪ್ಪಗಿರುವ ಮಗುವಿನ ತೂಕ ಏರದೆ ನಿಂತರೂ ಸಾಕು

ಮಕ್ಕಳ ಬೊಜ್ಜಿನ ಕೆಲಸದಲ್ಲಿ ಇರುವವರು ತಂದೆತಾಯಿಗೆ ಮೊದಲು ಬಿಡಿಸಿ ಹೇಳಬೇಕಾದದ್ದು, ದೊಡ್ಡವರ ಬಿಎಂಐ (ಕೆ.ಜಿ. ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದ ಅಂಕಿ) ಅಳತೆ ಮಕ್ಕಳಿಗೆ ನಡೆಯುವುದಿಲ್ಲ ಅನ್ನುವುದು. ಹತ್ತು ವರ್ಷದ ಹುಡುಗ, ಎತ್ತರ 140 ಸೆಂ.ಮೀ., ತೂಕ 46 ಕೆ.ಜಿ. ಎಂದಿಟ್ಟುಕೊಳ್ಳಿ. ಬಿಎಂಐ 23.5. ದೊಡ್ಡವರ ಆ್ಯಪ್‌ನಲ್ಲಿ ಹಾಕಿದರೆ ‘ನಾರ್ಮಲ್’ ಅಂತಲೇ ಬರುತ್ತದೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಚಾರ್ಟ್ ಪ್ರಕಾರ ಆ ವಯಸ್ಸಿನ ಹುಡುಗರಲ್ಲಿ 18.5 ದಾಟಿದರೆ ಅತಿತೂಕ, 21.4 ದಾಟಿದರೆ ಬೊಜ್ಜು.

ಇಲ್ಲಿ ತೂಕಕ್ಕಿಂತ ಎತ್ತರದ ಅಳತೆಯೇ ಹೆಚ್ಚಾಗಿ ತಪ್ಪುತ್ತದೆ. ಚಪ್ಪಲಿ ಬಿಚ್ಚಿಸಿ, ಜುಟ್ಟು ಬಿಚ್ಚಿಸಿ, ಹಿಮ್ಮಡಿ ಗೋಡೆಗೆ ತಾಗಿಸಿ, ನೋಟ ನೇರ ಮುಂದಕ್ಕಿರುವಂತೆ ನಿಲ್ಲಿಸಿ. ಇದೇ ಹುಡುಗನ ಎತ್ತರವನ್ನು 138 ಎಂದು ಬರೆದುಕೊಂಡರೆ ಬಿಎಂಐ 24.2 ಆಗಿಬಿಡುತ್ತದೆ. ಬಿಪಿ ನೋಡುವಾಗಲೂ ಹಾಗೆಯೇ: ತೋಳಿಗೆ ಚಿಕ್ಕದಾದ ಪಟ್ಟಿ ಸುತ್ತಿದರೆ ಇಲ್ಲದ ಬಿಪಿ ಕಾಣಿಸುತ್ತದೆ. ಪಟ್ಟಿಯೊಳಗಿನ ಗಾಳಿಚೀಲ ತೋಳಿನ ಸುತ್ತಳತೆಯ ಕನಿಷ್ಠ ಶೇ. 80ರಷ್ಟನ್ನು ಆವರಿಸಬೇಕು.

ಬೆಳೆಯುವ ಮಗುವಿಗೆ ಉಪವಾಸ, ‘ಡಯಟ್’ ಬೇಡ. ಆ ಹುಡುಗ ವರ್ಷಕ್ಕೆ 5 ಸೆಂ.ಮೀ. ಬೆಳೆದು ತೂಕ 46ರಲ್ಲೇ ನಿಂತರೆ ಬಿಎಂಐ ತಾನಾಗಿ 21.9ಕ್ಕೆ ಇಳಿಯುತ್ತದೆ. ಬೊಜ್ಜು ವಿಪರೀತವಾಗಿದ್ದರೆ, ಸಕ್ಕರೆ ಕಾಯಿಲೆ, ಲಿವರ್ ತೊಂದರೆ ಆಗಲೇ ಶುರುವಾಗಿದ್ದರೆ ಮಾತ್ರ ತೂಕ ಇಳಿಸುವ ಮಾತು, ಅದೂ ವೈದ್ಯರ ಕಣ್ಗಾವಲಿನಲ್ಲಿ.

ಮೊದಲು ಕೈಹಾಕಬೇಕಾದದ್ದು ಕುಡಿಯುವುದಕ್ಕೆ. 330 ಮಿ.ಲೀ. ತಂಪು ಪಾನೀಯದ ಒಂದು ಕ್ಯಾನ್‌ನಲ್ಲಿ ಸುಮಾರು 35 ಗ್ರಾಂ ಸಕ್ಕರೆ, ಅಂದರೆ 140 ಕ್ಯಾಲೊರಿ. ಕುಡಿದದ್ದು ಹೊಟ್ಟೆ ತುಂಬಿಸುವುದಿಲ್ಲ, ಆಮೇಲಿನ ಊಟವೂ ಕಡಿಮೆಯಾಗುವುದಿಲ್ಲ. ಸಕ್ಕರೆ ಹಾಕದ ಹಣ್ಣಿನ ರಸಕ್ಕೂ ಈ ಮಾತು ಸಲ್ಲುತ್ತದೆ. ಹಣ್ಣನ್ನು ಇಡಿಯಾಗಿ ಕೊಡಿ. ಊಟದ ಹೊತ್ತಿಗೆ ಟಿವಿ, ಮೊಬೈಲ್ ಆಫ್. ದಿನಕ್ಕೆ 60 ನಿಮಿಷ ಏದುಸಿರು ಬರುವಂಥ ಆಟ, ಬಿಡಿಬಿಡಿಯಾಗಿ ಆಡಿದರೂ ಸರಿ. 6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ ನಿದ್ದೆ. ನಿದ್ದೆಗೆಟ್ಟ ಮಗುವಿಗೆ ಹಸಿವು ಜಾಸ್ತಿ.

ಒಂದೇ ಮನೆಯಲ್ಲಿ ಆ ಮಗುವಿಗಷ್ಟೇ ಬೇರೆ ತಟ್ಟೆ ಇಟ್ಟರೆ ಕದ್ದು ತಿನ್ನುವುದು ಶುರುವಾಗುತ್ತದೆ. ಬದಲಾವಣೆ ಮನೆಮಂದಿಗೆಲ್ಲ ಒಂದೇ ಇರಲಿ. ‘ಡುಮ್ಮ’ ಅಂತ ಕರೆಯುವುದನ್ನು ಇವತ್ತೇ ನಿಲ್ಲಿಸಿ, ದಯವಿಟ್ಟು.

ಕತ್ತಿನ ಹಿಂಭಾಗ, ಕಂಕುಳು ಮಖಮಲ್ಲಿನಂತೆ ದಪ್ಪಗಾಗಿ ಕಪ್ಪಿಟ್ಟಿದೆಯಾ ನೋಡಿ. ಕೊಳೆ ಅಂದುಕೊಂಡು ತಿಕ್ಕಿ ತಿಕ್ಕಿ ಮಗುವಿನ ಚರ್ಮ ಕೆಂಪಾಗುವಂತೆ ಮಾಡುತ್ತಾರೆ. ಆ ಕಪ್ಪು ಸಾಮಾನ್ಯವಾಗಿ ರಕ್ತದ ಸಕ್ಕರೆಯನ್ನು ಹಿಡಿತದಲ್ಲಿಡುವ ಇನ್ಸುಲಿನ್ ದೇಹಕ್ಕೆ ನಾಟುತ್ತಿಲ್ಲ ಅನ್ನುವುದರ ಗುರುತು. ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಬೇಕು. ಲಿವರಿನಲ್ಲಿ ಕೊಬ್ಬು ತುಂಬುವುದು ಯಾವ ನೋವೂ ಕೊಡುವುದಿಲ್ಲವಾದ್ದರಿಂದ ಲಿವರಿಗೆ ಪೆಟ್ಟಾಗಿದೆಯೇ ಎಂದು ನೋಡುವ ಎಎಲ್‌ಟಿ ರಕ್ತಪರೀಕ್ಷೆಯೂ ಜೊತೆಗಿರಲಿ. ರಾತ್ರಿ ಗೊರಕೆಯ ನಡುವೆ ಉಸಿರು ನಿಂತು ನಿಂತು ಬರುತ್ತಿದ್ದರೆ ಅದನ್ನೂ ವೈದ್ಯರಿಗೆ ಹೇಳಿ.

ಬೊಜ್ಜಿನಿಂದ ದಪ್ಪಗಾದ ಮಕ್ಕಳು ಸಾಮಾನ್ಯವಾಗಿ ಓರಗೆಯವರಿಗಿಂತ ಎತ್ತರವೇ ಇರುತ್ತಾರೆ. ದಪ್ಪಗಾಗುತ್ತಾ ಎತ್ತರ ನಿಂತುಹೋಗಿದ್ದರೆ ಥೈರಾಯ್ಡ್ ಅಥವಾ ಬೇರೆ ಹಾರ್ಮೋನಿನ ತೊಂದರೆ ಇದೆಯೇ ನೋಡಬೇಕು.

ತೀರಾ ಉಪೇಕ್ಷೆಗೆ ಒಳಗಾಗುವುದು ಮಂಡಿನೋವು. ‘ತೂಕದ ಭಾರಕ್ಕೆ’ ಎಂದು ಎಣ್ಣೆ ಹಚ್ಚಿ ಸುಮ್ಮನಾಗುತ್ತಾರೆ. ಹತ್ತು ದಾಟಿದ ದಪ್ಪ ಮಗು ಕುಂಟುತ್ತಿದ್ದರೆ, ಪಾದ ಹೊರಕ್ಕೆ ತಿರುಗಿದ್ದರೆ, ಸೊಂಟದ ಕೀಲಿನಲ್ಲಿ ತೊಡೆಮೂಳೆಯ ತಲೆ ಜಾರಿರಬಹುದು. ನೋವು ಮಾತ್ರ ಮಂಡಿಯಲ್ಲಿ ಕಾಣಿಸುತ್ತದೆ. ಮಗುವನ್ನು ನಡೆಸದೆ ಅವತ್ತೇ ಕರೆದೊಯ್ದು ಎರಡೂ ಬದಿಯ ಸೊಂಟದ ಎಕ್ಸ್‌ರೇ ತೆಗೆಸಿ. ಮಂಡಿಯದ್ದಷ್ಟೇ ತೆಗೆಸಿದರೆ ಏನೂ ಕಾಣುವುದಿಲ್ಲ.